ನೇಪಥ್ಯವೂ ರಸವೂ: ನಟಚರಿತ್ರೆಯ ಚಲಚ್ಚಿತ್ರಗಳ ಒಂದು ವಿಮರ್ಶೆ

೧

ನೇಪಥ್ಯವೆಂಬ ಶಬ್ದಕ್ಕೆ ನಾಟ್ಯಗ್ರಂಥಗಳಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಯವನಿಕೆಯ ಹಿಂದೆ ನಟರು ವೇಷವನ್ನು ಕಟ್ಟಿಕೊಳ್ಳುವ ಸ್ಥಳವು ಒಂದು. ಹಾಗೆ ಕಟ್ಟಿದ ವೇಷವೇ ಇನ್ನೊಂದು. ವೇಷವು ಪ್ರೇಕ್ಷಕನ ಕಣ್ಣಿಗೆ ಬೀಳತಕ್ಕದ್ದು, ಸ್ಥಳವು ಬೀಳತಕ್ಕದ್ದಲ್ಲ. ಇದು ಹಿಂದಿನವರ ಮರ್ಯಾದೆ. ಚಲಚ್ಚಿತ್ರದ ಲೋಕದಲ್ಲಿ ಈ ಮರ್ಯಾದೆಯು ತಲೆಕೆಳಗಾಗಿದೆ. ಚಿತ್ರವು ತೆರೆಯ ಮೇಲೆ ಬರುವುದಕ್ಕೆ ಮೊದಲೇ, ನಟಿಯು ಎಷ್ಟು ಹೊತ್ತು ಮುಖಲೇಪಕ್ಕಾಗಿ ಕುಳಿತಿದ್ದಳು, ಸೀರೆಗಳನ್ನು ಯಾರು ನೇಯಿಸಿದರು, ಹಾಡನ್ನು ಯಾರ ಕಂಠದಿಂದ ಹಾಡಿಸಿದರು ಎಂಬ ವೃತ್ತಾಂತವೆಲ್ಲ ಪತ್ರಿಕೆಗಳಲ್ಲಿ ಹರಡಿರುವುದು. ಪ್ರಖ್ಯಾತ ನಟನಟಿಯರ ಜೀವನವನ್ನೇ ವಸ್ತುವಾಗಿ ಉಳ್ಳ ಚಿತ್ರಗಳ ವಿಷಯದಲ್ಲಂತೂ ಈ ನೇಪಥ್ಯವೃತ್ತಾಂತವೇ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿಕೊಂಡಿದೆ. ಶ್ರಮವು ಹೆಚ್ಚಾದಷ್ಟೂ ಕೃತಿಯು ಶ್ರೇಷ್ಠವೆಂದು ಗಣಿಸುವ ರೂಢಿ ಬೆಳೆದಿದೆ.

ಈ ವೃತ್ತಾಂತಗಳು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ಉಚಿತವಲ್ಲ. ರಸವಿಚಾರದಲ್ಲಿ ಬಹುಕಾಲದಿಂದ ನಡೆದುಬಂದ ಒಂದು ವಿವಾದಕ್ಕೆ ಇವು ಪ್ರತ್ಯಕ್ಷವಾದ ನಿದರ್ಶನಗಳನ್ನು ಒದಗಿಸುತ್ತವೆ. ಆದುದರಿಂದ ೧೯೯೨ರ 'ಚಾಪ್ಲಿನ್', ೨೦೧೧ರ 'ಮೈ ವೀಕ್ ವಿತ್ ಮರ್ಲಿನ್', ೨೦೧೮ರ 'ಮಹಾನಟಿ', ೨೦೧೯ರ 'ಜೂಡಿ', ಅದೇ ವರ್ಷದ 'ಎನ್.ಟಿ.ಆರ್.' ಎಂಬ ಎರಡು ಭಾಗಗಳು, ೨೦೨೨ರ 'ಬ್ಲಾಂಡ್' ಎಂಬಿವುಗಳನ್ನು ಮುಂದಿಟ್ಟುಕೊಂಡು, ನಟಚರಿತ್ರೆಯ ಚಿತ್ರದಲ್ಲಿ ಅನುಕರಣಕ್ಕೆ ಎಷ್ಟು ಅವಕಾಶ, ಇತಿವೃತ್ತವನ್ನು ಮಾರ್ಪಡಿಸುವುದಕ್ಕೆ ಎಷ್ಟು ಅಧಿಕಾರ ಎಂಬ ಎರಡು ಅಂಶಗಳನ್ನು ಇಲ್ಲಿ ವಿಚಾರಿಸಲಾಗುವುದು.

೨

ಭರತಮುನಿಯ ರಸಸೂತ್ರವನ್ನು ವ್ಯಾಖ್ಯಾನಿಸಿದವರಲ್ಲಿ ಶ್ರೀಶಂಕುಕನ ಮತವು ಅನುಕರಣಪರವಾದುದು. ರಾಮಾದಿಗಳಲ್ಲಿದ್ದ ಸ್ಥಾಯಿಭಾವವನ್ನು ನಟನು ಅನುಕರಿಸುತ್ತಾನೆ, ಅನುಕೃತವಾದ ಆ ಸ್ಥಾಯಿಯನ್ನು ಪ್ರೇಕ್ಷಕನು ಅನುಮಾನದಿಂದ ಅರಿಯುತ್ತಾನೆ, ಅದೇ ರಸ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡಾಗ ಹುಟ್ಟುವ ಜ್ಞಾನವು ನಿಜವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಕೇವಲ ಸಾದೃಶ್ಯವೂ ಅಲ್ಲ. ನಟನಲ್ಲಿ ರಾಮನನ್ನು ಕಾಣುವ ಬುದ್ಧಿಯೂ ಹಾಗೆಯೇ ವಿಲಕ್ಷಣವಾದುದು ಎಂದು ಅವನು ಸಾಧಿಸಿದನು.

ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ಮತವನ್ನು ಖಂಡಿಸಿದ ಕ್ರಮವು 'ಅಭಿನವಭಾರತಿ'ಯಿಂದ ತಿಳಿದುಬರುತ್ತದೆ. ಅವನ ಆಕ್ಷೇಪಗಳಲ್ಲಿ ಪ್ರಕೃತಕ್ಕೆ ಬೇಕಾದವು ಎರಡು. ಒಂದನೆಯದು: ಅನುಕರಣವೆಂದು ಹೇಳಬೇಕಾದರೆ ಅನುಕಾರ್ಯವನ್ನು ಮೊದಲು ಕಂಡಿರಬೇಕು. ರಾಮನನ್ನಾಗಲಿ ಅವನ ಶೋಕವನ್ನಾಗಲಿ ಕಂಡವರು ಯಾರೂ ಇಲ್ಲ. ಆದುದರಿಂದ ನಟನು ರಾಮನನ್ನು ಅನುಕರಿಸುತ್ತಾನೆಂಬ ಮಾತಿಗೆ ಆಧಾರವಿಲ್ಲ. ಎರಡನೆಯದು: ಸ್ಥಾಯಿಭಾವವು ಚಿತ್ತವೃತ್ತಿ; ನಟನಲ್ಲಿ ಕಾಣುವುದು ಮುಕುಟ, ರೋಮಾಂಚ, ಗದ್ಗದ, ಭುಜಚಾಲನ ಮುಂತಾದ ಬಾಹ್ಯವಸ್ತುಗಳು. ಇಂದ್ರಿಯಕ್ಕೆ ಗೋಚರವಾದ ಜಡವಸ್ತುವು ಮನಸ್ಸಿನ ವೃತ್ತಿಗೆ ಅನುಕರಣವಾಗಲಾರದು.

ರಾಮನ ವಿಷಯದಲ್ಲಿ ಮೊದಲನೆಯ ಆಕ್ಷೇಪವು ಅಖಂಡನೀಯವಾಗಿದೆ. ಆದರೆ ಚಲಚ್ಚಿತ್ರದ ನಟನು ರಾಮನಂತಲ್ಲ. ಚಾರ್ಲಿ ಚಾಪ್ಲಿನ್ನರ ನಡಿಗೆಯನ್ನು ಲೋಕವೆಲ್ಲ ಕಂಡಿದೆ. ಸಾವಿತ್ರಿಯವರ ಕಣ್ಣಿನ ಚಲನೆಯನ್ನು ತೆಲುಗು ತಮಿಳು ನಾಡುಗಳ ಮೂರು ತಲೆಮಾರುಗಳು ಕಂಡಿವೆ. ಬೇಕೆಂದಾಗ ಮೂಲಚಿತ್ರವನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು. ಅನುಕಾರ್ಯವೂ ಅನುಕರಣವೂ ಏಕಕಾಲದಲ್ಲಿ ಪ್ರೇಕ್ಷಕನ ಮುಂದಿರುವ ಇಂತಹ ಸಂದರ್ಭವು ಪ್ರಾಚೀನರಿಗೆ ಒದಗಿರಲಿಲ್ಲ. ಇಲ್ಲಿ ಭಟ್ಟತೌತನ ಮೊದಲನೆಯ ಆಕ್ಷೇಪವು ನಿಲ್ಲದು. ಹಾಗಾದರೆ ಶಂಕುಕನ ಪಕ್ಷವು ಕಡೆಗೆ ಗೆದ್ದಿತೆಂದು ಹೇಳಬಹುದೇ? ಅನುಕರಣವು ಯಥಾವತ್ತಾದರೆ ರಸವೂ ಸಿದ್ಧಿಸುವುದೇ? ಇದನ್ನು ನಿರ್ಣಯಿಸಲು ನೇಪಥ್ಯದ ಸಂಗತಿಗಳನ್ನೇ ನೋಡಬೇಕು.

೩

ಆಹಾರ್ಯಾಭಿನಯದ ಪ್ರಕರಣದಲ್ಲಿ ಭರತಮುನಿಯು ನೇಪಥ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕು ವಿಧವಾಗಿ ವಿಭಾಗಿಸಿದ್ದಾನೆ. ಕೃತಕವಾಗಿ ಕಟ್ಟಿದ ಆಕೃತಿಗಳು ಪುಸ್ತ. ಮಾಲೆ, ಆಭರಣ, ವಸ್ತ್ರಗಳು ಅಲಂಕಾರ. ಮೈಗೆ ಬಣ್ಣ ಬಳಿಯುವುದು ಅಂಗರಚನೆ. ಪ್ರಾಣಿಗಳ ಪ್ರವೇಶವು ಸಂಜೀವ. ಇವುಗಳಲ್ಲಿ ಮೊದಲ ಮೂರು ನಟಚರಿತ್ರೆಯ ಚಿತ್ರಗಳಲ್ಲಿ ವಿಶೇಷವಾಗಿ ಕಾಣುತ್ತವೆ.

ಪುಸ್ತಕ್ಕೂ ಅಂಗರಚನೆಗೂ ಉದಾಹರಣೆಯಾಗಿ 'ಜೂಡಿ'ಯನ್ನು ನೋಡಬಹುದು. ಅಮೆರಿಕದ ಗಾಯಕಿ ನಟಿ ಜೂಡಿ ಗಾರ್ಲೆಂಡರ ಕೊನೆಯ ದಿನಗಳ ಈ ಕಥೆಯನ್ನು ರೂಪರ್ಟ್ ಗೂಲ್ಡರು ನಿರ್ದೇಶಿಸಿದರು. ಪೀಟರ್ ಕ್ವಿಲ್ಟರರ 'ಎಂಡ್ ಆಫ್ ದ ರೇನ್‌ಬೋ' ಎಂಬ ನಾಟಕವು ಇದಕ್ಕೆ ಮೂಲ. ನಾಯಿಕೆಯಾದ ರೆನೇ ಜೆಲ್ವೆಗರರ ಮೂಗಿನ ತುದಿಗೆ ಕೃತಕವಾದ ತುಣುಕನ್ನು ಅಂಟಿಸಿ, ಕಣ್ಣಿನ ಬಣ್ಣವನ್ನು ಮಸೂರಗಳಿಂದ ಬದಲಿಸಿ, ಕೇಶವನ್ನು ಬೇರೆಯಾಗಿ ಕಟ್ಟಿದರು. 'ಮಹಾನಟಿ'ಯಲ್ಲಿಯೂ ಸಾವಿತ್ರಿಯವರ ಶರೀರವು ಸ್ಥೂಲವಾದ ಕಾಲವನ್ನು ತೋರಿಸಲು ಕೀರ್ತಿ ಸುರೇಶರ ಮುಖಕ್ಕೆ ಇಂತಹುದೇ ಲೇಪವನ್ನು ಕಟ್ಟಿದರು.

ಅಲಂಕಾರಕ್ಕೆ 'ಮಹಾನಟಿ'ಯೇ ಉತ್ತಮ ನಿದರ್ಶನ. ಆ ಕಾಲದ ಸೀರೆ, ಕುಪ್ಪಸ, ಒಡವೆಗಳನ್ನು ಮೂಲದ ಛಾಯಾಚಿತ್ರಗಳಿಗೂ ಚಿತ್ರಗಳಿಗೂ ಹೋಲುವಂತೆ ಸಿದ್ಧಪಡಿಸಿದ ಇಂದ್ರಾಕ್ಷಿ ಪಟ್ನಾಯಕ್, ಗೌರಾಂಗ್ ಶಾಹ, ಅರ್ಚನಾ ರಾವ್ ಎಂಬ ಮೂವರಿಗೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿಯು ಲಭಿಸಿತು. ಕೀರ್ತಿ ಸುರೇಶರಿಗೆ ಶ್ರೇಷ್ಠನಟಿಯ ಪ್ರಶಸ್ತಿಯೂ, ಚಿತ್ರಕ್ಕೆ ತೆಲುಗಿನ ಶ್ರೇಷ್ಠಚಿತ್ರವೆಂಬ ಮನ್ನಣೆಯೂ ಅದೇ ಸಲ ದೊರೆತವು.

ವೇಷದ ಸಾದೃಶ್ಯದೊಡನೆ ಶರೀರದ ಅಭ್ಯಾಸವೂ ಸೇರಿತು. ಚಾಪ್ಲಿನ್ನರು ಎಡಗೈಯವರಾಗಿದ್ದರು, ಅದಕ್ಕಾಗಿ ರಾಬರ್ಟ್ ಡೌನಿ ಕಿರಿಯರು ಎಡಗೈಯಿಂದ ಪಿಟೀಲು ನುಡಿಸುವುದನ್ನೂ ಟೆನ್ನಿಸ್ ಆಡುವುದನ್ನೂ ಕಲಿತರು. ಜೆಲ್ವೆಗರರು ಜೂಡಿಯ ಹಳೆಯ ಧ್ವನಿಮುದ್ರಿಕೆಗಳನ್ನು ಬಳಸದೆ ಎಲ್ಲ ಹಾಡುಗಳನ್ನೂ ಸ್ವಕಂಠದಿಂದಲೇ ಹಾಡಿದರು. ಮರ್ಲಿನ್ ಮನ್ರೋ ಅವರ ಪಾತ್ರವನ್ನು ಧರಿಸಿದ ಮಿಷೆಲ್ ವಿಲಿಯಮ್ಸರೂ ಹಾಡಿನ ವಿಷಯದಲ್ಲಿ ಹಾಗೆಯೇ ಮಾಡಿದರು.

ಈ ಮೂರರ ಜೊತೆಗೆ ಶಾಸ್ತ್ರದಲ್ಲಿ ಎಣಿಸದಿರುವ ಎರಡು ನೇಪಥ್ಯಗಳು ಈ ಚಿತ್ರಗಳಲ್ಲಿ ಹೊಸದಾಗಿ ಕಾಣುತ್ತವೆ. ಒಂದು ಸ್ಥಳನೇಪಥ್ಯ, ಇನ್ನೊಂದು ವಂಶನೇಪಥ್ಯ. ಲಾರೆನ್ಸ್ ಒಲಿವಿಯರರು ತಾವೇ ನಟಿಸಿ ನಿರ್ದೇಶಿಸಿದ 'ದ ಪ್ರಿನ್ಸ್ ಅಂಡ್ ದ ಶೋಗರ್ಲ್' ಎಂಬ ಚಿತ್ರವು ೧೯೫೬ರಲ್ಲಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಚಿತ್ರಿತವಾಗಿ ೧೯೫೭ರಲ್ಲಿ ತೆರೆಗೆ ಬಂದಿತು. ಮನ್ರೋ ಅದರ ನಾಯಿಕೆ. ಆ ಚಿತ್ರೀಕರಣದ ಕಥೆಯನ್ನೇ ಹೇಳುವ 'ಮೈ ವೀಕ್ ವಿತ್ ಮರ್ಲಿನ್' ಚಿತ್ರವನ್ನು ಸೈಮನ್ ಕರ್ಟಿಸರು ಅದೇ ಪೈನ್‌ವುಡ್ಡಿನಲ್ಲಿ ತೆಗೆದರು. ವಂಶನೇಪಥ್ಯಕ್ಕೆ ಉದಾಹರಣೆಗಳು ಹೆಚ್ಚಾಗಿವೆ. 'ಚಾಪ್ಲಿನ್' ಚಿತ್ರದಲ್ಲಿ ಚಾಪ್ಲಿನ್ನರ ತಾಯಿ ಹ್ಯಾನಾಳ ಪಾತ್ರವನ್ನು ಧರಿಸಿದವರು ಚಾಪ್ಲಿನ್ನರ ಮಗಳಾದ ಜೆರಲ್ಡೀನ್ ಚಾಪ್ಲಿನ್. ಎಂದರೆ ಮೊಮ್ಮಗಳು ಅಜ್ಜಿಯಾದಳು. 'ಮಹಾನಟಿ'ಯಲ್ಲಿ ಅಕ್ಕಿನೇನಿ ನಾಗೇಶ್ವರರಾಯರ ಪಾತ್ರವನ್ನು ಅವರ ಮೊಮ್ಮಗ ನಾಗಚೈತನ್ಯರೂ, 'ಎನ್.ಟಿ.ಆರ್.' ಚಿತ್ರದಲ್ಲಿ ಅದೇ ಪಾತ್ರವನ್ನು ಇನ್ನೊಬ್ಬ ಮೊಮ್ಮಗ ಸುಮಂತರೂ ಧರಿಸಿದರು. ನಂದಮೂರಿ ತಾರಕರಾಮರಾಯರಾಗಿ ನಟಿಸಿದವರು ಅವರ ಮಗ ಬಾಲಕೃಷ್ಣ.

೪

ನೇಪಥ್ಯವು ಇಷ್ಟು ಸಮೃದ್ಧವಾದ ಮೇಲೆ ರಸವು ಎಲ್ಲಿ ಉಂಟಾಯಿತೆಂಬುದೇ ಪ್ರಶ್ನೆ.

ವಂಶನೇಪಥ್ಯವನ್ನೇ ಮೊದಲು ನೋಡೋಣವೆಂದರೆ, ಜೆರಲ್ಡೀನರ ಹ್ಯಾನಾ ಪಾತ್ರವು ಮನಸ್ಸನ್ನು ಕಲಕುತ್ತದೆ; ಬಾಲಕೃಷ್ಣರ ತಾರಕರಾಮರಾಯರ ಪಾತ್ರವು ಅಷ್ಟಾಗಿ ಹತ್ತಿರಕ್ಕೆ ಬರುವುದಿಲ್ಲ. ರಕ್ತಸಂಬಂಧವು ಎರಡರಲ್ಲಿಯೂ ಸಮಾನವಾಗಿದೆ. ಭೇದಕ್ಕೆ ಕಾರಣವಾದರೂ ಏನು? ಬುದ್ಧಿಭ್ರಮಣೆಗೆ ಒಳಗಾದ ಬಡತಾಯಿ ಹ್ಯಾನಾಳನ್ನು ತೆರೆಯ ಮೇಲೆ ಕಂಡವರು ಯಾರೂ ಇಲ್ಲ. ಭಟ್ಟತೌತನ ಮಾತಿನಂತೆ ಆಕೆಯು ಕಾಣದ ಅನುಕಾರ್ಯ. ನಟಿಗೆ ಅಲ್ಲಿ ಅಭಿನಯಿಸಲು ಸ್ವಾತಂತ್ರ್ಯವಿದೆ. ಪ್ರೇಕ್ಷಕನಿಗೆ ಹೋಲಿಸಿ ನೋಡುವ ತೊಡಕಿಲ್ಲ. ತಾರಕರಾಮರಾಯರಾದರೋ ೧೯೪೯ರ 'ಮನದೇಶಂ'ನಿಂದ ಮೊದಲ್ಗೊಂಡು ನೂರಾರು ಚಿತ್ರಗಳಲ್ಲಿ ಪ್ರತ್ಯಕ್ಷರಾಗಿರುವರು. ೧೯೬೦ರಲ್ಲಿ ಹುಟ್ಟಿದ ಮಗನು ಅರುವತ್ತಕ್ಕೆ ಸಮೀಪಿಸಿದ ವಯಸ್ಸಿನಲ್ಲಿ ತಂದೆಯ ತಾರುಣ್ಯವನ್ನು ಧರಿಸಿ ನಿಂತಾಗ, ಪ್ರೇಕ್ಷಕನ ನೆನಪಿನಲ್ಲಿರುವ ಮೂಲಮೂರ್ತಿಯೇ ಮುಂದೆ ಬಂದು ಅಡ್ಡ ನಿಲ್ಲುತ್ತದೆ.

'ಚಾಪ್ಲಿನ್' ಚಿತ್ರದ ಕೊನೆಯು ಇನ್ನೂ ಹೆಚ್ಚು ಬೋಧಪ್ರದವಾಗಿದೆ. ರಿಚರ್ಡ್ ಅಟೆನ್‌ಬರೋ ಅವರು, ೧೯೭೨ರಲ್ಲಿ ಅಮೆರಿಕಕ್ಕೆ ಮರಳಿ ಬಂದ ವೃದ್ಧ ಚಾಪ್ಲಿನ್ನರಿಗೆ ಅಕಾಡೆಮಿಯು ಗೌರವಪ್ರಶಸ್ತಿಯನ್ನು ಕೊಡುವ ಸಂದರ್ಭದಲ್ಲಿ ಚಿತ್ರವನ್ನು ಮುಗಿಸಿದ್ದಾರೆ. ಅಲ್ಲಿ ಸಭೆಯ ಮುಂದೆ ಹರಿದುಹೋಗುವವು ಚಾಪ್ಲಿನ್ನರ ನಿಜವಾದ ಚಿತ್ರಗಳ ತುಣುಕುಗಳು, ಡೌನಿಯವರ ಅನುಕರಣಗಳಲ್ಲ. ಅಷ್ಟು ಹೊತ್ತು ಶ್ರಮದಿಂದ ಕಟ್ಟಿದ ಅನುಕರಣವನ್ನು ಪರಾಕಾಷ್ಠೆಯ ಘಳಿಗೆಯಲ್ಲಿ ನಿರ್ದೇಶಕರೇ ಬದಿಗಿಟ್ಟು ಮೂಲವನ್ನು ಮುಂದೆ ತಂದರು. ತೆರೆಯ ಮೇಲಣ ಕಲೆಯ ವಿಷಯದಲ್ಲಿ ಅನುಕರಣವು ಮೂಲಕ್ಕೆ ಸಮನಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ. ಆದರೂ ಡೌನಿಯವರ ಅಭಿನಯಕ್ಕೆ ಬೆಲೆಯಿಲ್ಲವೆಂದಲ್ಲ. ತುಣುಕುಗಳನ್ನು ನೋಡುತ್ತ ಕುಳಿತ ಮುದುಕನ ಮುಖದಲ್ಲಿ ಸುಳಿಯುವ ಭಾವವನ್ನು ಚಾಪ್ಲಿನ್ನರ ಯಾವ ಚಿತ್ರವೂ ತೋರಿಸಿರಲಿಲ್ಲ. ಅದು ನಟನ ಸ್ವಂತ ಸೃಷ್ಟಿ. ರಸವು ನಿಂತಿರುವುದು ಅಲ್ಲಿ.

'ಮಹಾನಟಿ'ಯ ಮಾರ್ಗವು ಇದಕ್ಕೆ ಭಿನ್ನ. ನಾಗ್ ಅಶ್ವಿನರು ಮೂಲದ ತುಣುಕುಗಳನ್ನು ನೆಚ್ಚದೆ ಸಾವಿತ್ರಿಯವರ ಪ್ರಸಿದ್ಧ ಸನ್ನಿವೇಶಗಳನ್ನು ಹೊಸದಾಗಿ ಕಟ್ಟಿದರು. ಅವುಗಳಲ್ಲಿ ಮುಖ್ಯವಾದುದು ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ ೧೯೫೭ರ 'ಮಾಯಾಬಜಾರ್' ಚಿತ್ರದ ಮಾಯಾಶಶಿರೇಖೆಯ ಹಾಡು. ಆ ಮೂಲದ ಸ್ವಾರಸ್ಯವನ್ನು ವಿವೇಚಿಸಬೇಕು. ಕಥೆಯಲ್ಲಿ ಘಟೋತ್ಕಚನು ಶಶಿರೇಖೆಯ ರೂಪವನ್ನು ಧರಿಸಿ ಮದುವೆಯ ಮನೆಯಲ್ಲಿ ಸೇರಿಕೊಳ್ಳುತ್ತಾನೆ. ಘಟೋತ್ಕಚನ ಪಾತ್ರ ಎಸ್.ವಿ. ರಂಗರಾಯರದು, ಶಶಿರೇಖೆಯ ಪಾತ್ರ ಸಾವಿತ್ರಿಯವರದು. ಆದುದರಿಂದ ಮಾಯಾಶಶಿರೇಖೆಯಲ್ಲಿ ಸಾವಿತ್ರಿಯವರು, ತನ್ನನ್ನು ಅನುಕರಿಸುತ್ತಿರುವ ರಾಕ್ಷಸನನ್ನು ತಾವು ಅನುಕರಿಸಬೇಕಾಯಿತು. ಕನ್ಯೆಯ ಲಜ್ಜೆಯ ನಡುವೆ ರಾಕ್ಷಸನ ಹೆಜ್ಜೆ ತಪ್ಪಿ ಹೊರಬೀಳುವುದರಲ್ಲಿಯೇ ಹಾಸ್ಯದ ಜೀವವಿದೆ. ಪರರ ಚೇಷ್ಟೆಯನ್ನು ಅನುಕರಿಸುವುದರಿಂದ ಹಾಸವು ಹುಟ್ಟುತ್ತದೆಂದು ಭರತಮುನಿಯು ಹೇಳಿರುವುದಕ್ಕೆ ಇದು ಯೋಗ್ಯವಾದ ಲಕ್ಷ್ಯ.

ಈಗ ಕೀರ್ತಿ ಸುರೇಶರು ಆ ಸಾವಿತ್ರಿಯವರನ್ನು ಅನುಕರಿಸಿದಾಗ ಅನುಕರಣದ ಪದರವು ಮತ್ತೊಂದು ಹೆಚ್ಚಿತು. ಪ್ರೇಕ್ಷಕನು ಚಪ್ಪಾಳೆ ತಟ್ಟುತ್ತಾನೆ. ಆದರೆ ಆ ಚಪ್ಪಾಳೆಯು ಸಾದೃಶ್ಯವನ್ನು ಕಂಡ ವಿಸ್ಮಯಕ್ಕೆ ಸಂದುದು. ಅದೇ ಚಿತ್ರದಲ್ಲಿ, ಒಂದೇ ಕಣ್ಣಿನಿಂದ ಕೇಳಿದಷ್ಟೇ ಹನಿಗಳನ್ನು ಸುರಿಸುವ ಸಾವಿತ್ರಿಯವರ ಸಾಮರ್ಥ್ಯವನ್ನು ತೋರಿಸುವ ಸನ್ನಿವೇಶವೊಂದಿದೆ. ಅಶ್ರುವು ಸಾತ್ತ್ವಿಕಭಾವಗಳಲ್ಲಿ ಒಂದು. ಮನಸ್ಸಿನ ಏಕಾಗ್ರತೆಯಿಂದ ಮಾತ್ರವೇ ಸಾಧ್ಯವಾಗುವುದೆಂದು ಶಾಸ್ತ್ರವು ಹೇಳುತ್ತದೆ. ಇಲ್ಲಿಯೂ ಮೊದಲು ಹುಟ್ಟುವುದು ವಿಸ್ಮಯವೇ. ಆದರೆ ಕಥೆಯು ಮುಂದುವರಿದು, ಆಜ್ಞೆಗೆ ತಕ್ಕಂತೆ ಕಣ್ಣೀರನ್ನು ಅಳೆದು ಕೊಡಬಲ್ಲವಳು ಮನೆಯಲ್ಲಿ ಬರುವ ಕಣ್ಣೀರನ್ನು ಅಳೆಯಲಾರದೆ ಹೋಗುವುದನ್ನು ಕಾಣುವಾಗ, ಹಿಂದಿನ ಸನ್ನಿವೇಶಕ್ಕೆ ಹೊಸ ಅರ್ಥವು ಬರುತ್ತದೆ. ವಿಸ್ಮಯವು ಕರುಣಕ್ಕೆ ಅಂಗವಾಗುತ್ತದೆ. 'ಮಹಾನಟಿ'ಯ ಸಿದ್ಧಿಯಿರುವುದು ಈ ಅಂಗಾಂಗಿಭಾವದಲ್ಲಿ. ೧೯೬೮ರಲ್ಲಿ 'ಚಿನ್ನಾರಿ ಪಾಪಲು' ಚಿತ್ರವನ್ನು ತಾವೇ ನಿರ್ದೇಶಿಸುವಷ್ಟು ಧೈರ್ಯವಿದ್ದ ಕಲಾವಿದೆಯು, ೧೯೮೦ರಲ್ಲಿ ಬೆಂಗಳೂರಿನಲ್ಲಿ ಎಚ್ಚರ ತಪ್ಪಿ, ಮತ್ತೆ ಚೇತರಿಸಿಕೊಳ್ಳದೆ, ೧೯೮೧ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಮೃತರಾದರು. ಚಿತ್ರವು ಆ ಬೆಂಗಳೂರಿನ ಘಟನೆಯಿಂದಲೇ ಆರಂಭವಾಗುತ್ತದೆ. ಫಲವು ಮೊದಲೇ ತಿಳಿದಿರುವುದರಿಂದ, ವೈಭವದ ದಿನಗಳ ಒಂದೊಂದು ಸೀರೆಯೂ ಒಂದೊಂದು ಒಡವೆಯೂ ಕರುಣಕ್ಕೆ ಉದ್ದೀಪನವಾಗುತ್ತವೆ. ನೇಪಥ್ಯದ ಶ್ರಮವು ಸಾರ್ಥಕವಾಗುವುದು ಹೀಗೆ. ಮೂಲಕ್ಕೆ ಹೋಲುವುದರಿಂದ ಮಾತ್ರವೇ ಅಲ್ಲ.

ಇದರಿಂದ ಸಿದ್ಧಿಸುವುದಿಷ್ಟು. ಭಟ್ಟತೌತನ ಮೊದಲನೆಯ ಆಕ್ಷೇಪವು ಈ ಚಿತ್ರಗಳಲ್ಲಿ ನಿಲ್ಲದಿದ್ದರೂ ಎರಡನೆಯದು ಅಚಲವಾಗಿ ನಿಂತಿದೆ. ಮೂಗು, ಧ್ವನಿ, ನಡಿಗೆ, ವಸ್ತ್ರಗಳನ್ನು ಅನುಕರಿಸಬಹುದು. ಚಿತ್ತವೃತ್ತಿಯನ್ನು ಅನುಕರಿಸಲಾಗದು, ಅದನ್ನು ಹೊಸದಾಗಿ ಅಭಿವ್ಯಂಜಿಸಬೇಕು. ಸಾದೃಶ್ಯದ ಫಲವು ವಿಸ್ಮಯ ಅಥವಾ ಹಾಸ್ಯ. ಅಲ್ಲಿಂದ ಮುಂದಕ್ಕೆ ಹೋಗಲು ಬೇರೆ ಶಕ್ತಿಯು ಬೇಕು.

೫

ಇಲ್ಲಿ ನೇಪಥ್ಯದ ಪ್ರಚಾರದಿಂದಾಗುವ ಹಾನಿಯನ್ನೂ ಹೇಳಬೇಕಾಗಿದೆ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಇದು ತನ್ನದು, ಇದು ಪರರದು ಎಂಬ ನಿಯಮದಿಂದ ವಿಶಿಷ್ಟವಾದ ದೇಶಕಾಲಗಳಲ್ಲಿ ಬುದ್ಧಿಯು ಸಿಕ್ಕಿಕೊಳ್ಳುವುದು ಅವುಗಳಲ್ಲಿ ಎರಡನೆಯದು. ಮುಕುಟಾದಿಗಳಿಂದ ನಟನ ಸ್ವರೂಪವನ್ನು ಮರೆಮಾಡುವುದೂ, ಪೂರ್ವರಂಗವೂ ಇದಕ್ಕೆ ಪರಿಹಾರವೆಂದು ಅವನ ಮತ. ನೇಪಥ್ಯವು ಇರುವುದೇ ನಟನನ್ನು ಮರೆಸುವುದಕ್ಕಾಗಿ.

ಈಗಿನ ಪ್ರಚಾರವು ಅದೇ ನೇಪಥ್ಯವನ್ನು ನಟನನ್ನು ನೆನಪಿಸುವ ಸಾಧನವನ್ನಾಗಿ ಮಾಡಿದೆ. ಮೂಗು ಕೃತಕವೆಂದು ತಿಳಿದುಬಂದವನು ಮೂಗನ್ನೇ ನೋಡುತ್ತಾನೆ. ಕಂಠವು ನಟಿಯ ಸ್ವಂತದ್ದೆಂದು ಕೇಳಿ ಬಂದವನು, ಹಾಡಿನ ದುಃಖಕ್ಕೆ ಕಿವಿಗೊಡದೆ ಶ್ರುತಿಯನ್ನು ಪರೀಕ್ಷಿಸುತ್ತಾನೆ. 'ಬ್ಲಾಂಡ್' ಚಿತ್ರದಲ್ಲಿ ಆಂಡ್ರೂ ಡೊಮಿನಿಕರು ಮನ್ರೋ ಅವರ ಪ್ರಸಿದ್ಧ ಛಾಯಾಚಿತ್ರಗಳನ್ನು ಅನುಸರಿಸಿ ಚೌಕಟ್ಟಿನ ಆಕಾರವನ್ನೂ, ಕಪ್ಪುಬಿಳುಪು ಬಣ್ಣಗಳನ್ನೂ ಮತ್ತೆಮತ್ತೆ ಬದಲಿಸಿದರು. ಅದನ್ನು ತಿಳಿದ ಪ್ರೇಕ್ಷಕನಿಗೆ ಚಿತ್ರವು ಛಾಯಾಚಿತ್ರಗಳ ಸಂಪುಟವನ್ನು ಗುರುತಿಸುವ ಆಟವಾಗುತ್ತದೆ. ಆನಾ ದೆ ಆರ್ಮಾಸರ ಅಭಿನಯದಲ್ಲಿರುವ ನಿಜವಾದ ದೈನ್ಯವು ಆ ಗುರುತಿಸುವಿಕೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ನೇಪಥ್ಯವೃತ್ತಾಂತವು ಚಿತ್ರವನ್ನು ನೋಡಿದ ಬಳಿಕ ವಿಮರ್ಶಕನಿಗೆ ಉಪಕಾರಿ. ನೋಡುವ ಮುನ್ನ ಸಹೃದಯನಿಗೆ ವಿಘ್ನ.

೬

ಎರಡನೆಯ ವಿಚಾರವು ಇತಿವೃತ್ತದ ಮಾರ್ಪಾಟು. ಇದ್ದುದನ್ನು ಇದ್ದಂತೆ ಹೇಳಿದ ಮಾತ್ರಕ್ಕೆ ಕವಿಯ ಕಾರ್ಯವು ಮುಗಿಯುವುದಿಲ್ಲವೆಂದೂ, ಅದು ಇತಿಹಾಸದಿಂದಲೇ ಸಿದ್ಧವೆಂದೂ ಆನಂದವರ್ಧನನು ತಿಳಿಸಿದ್ದಾನೆ. ನಾಯಕನಿಗಾಗಲಿ ರಸಕ್ಕಾಗಲಿ ವಿರುದ್ಧವಾದುದನ್ನು ಬಿಡಬೇಕು ಇಲ್ಲವೆ ಬೇರೆಯಾಗಿ ಕಲ್ಪಿಸಬೇಕೆಂದು 'ದಶರೂಪಕ'ವು ವಿಧಿಸುತ್ತದೆ. ಮಾಯುರಾಜನು 'ಉದಾತ್ತರಾಘವ'ದಲ್ಲಿ ಕಪಟದ ವಾಲಿವಧವನ್ನು ಕೈಬಿಟ್ಟನು. ಭವಭೂತಿಯು ಅದನ್ನು ಅನ್ಯಥಾ ಮಾಡಿದನು. ಮಹಾಭಾರತದ ದುಷ್ಯಂತನು ತಿಳಿದೂ ತಿಳಿಯದವನಂತೆ ನಟಿಸಿದನು. ಕಾಳಿದಾಸನು ದೂರ್ವಾಸರ ಶಾಪವನ್ನು ಕಲ್ಪಿಸಿ ಆ ಕಳಂಕವನ್ನು ತೊಡೆದನು.

ನಟಚರಿತ್ರೆಯ ಚಿತ್ರಕಾರರೂ ಈ ಅಧಿಕಾರವನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. 'ಚಾಪ್ಲಿನ್' ಚಿತ್ರದಲ್ಲಿ ವೃದ್ಧನನ್ನು ಪ್ರಶ್ನಿಸುವ ಗ್ರಂಥಸಂಪಾದಕ ಜಾರ್ಜ್ ಹೇಡನ್ ಕಲ್ಪಿತಪಾತ್ರ. 'ಮಹಾನಟಿ'ಯ ಕಥೆಯನ್ನು ಶೋಧಿಸಿ ಹೇಳುವ ಪತ್ರಿಕೋದ್ಯೋಗಿ ಮಧುರವಾಣಿ, ಅವಳ ಜೊತೆಗಾರ ಛಾಯಾಗ್ರಾಹಕ ಇಬ್ಬರೂ ಕಲ್ಪಿತರೇ. 'ಜೂಡಿ'ಯಲ್ಲಿ ನಾಯಿಕೆಯನ್ನು ತಮ್ಮ ಮನೆಗೆ ಕರೆದೊಯ್ಯುವ ಇಬ್ಬರು ಅಭಿಮಾನಿಗಳೂ ಅಂಥವರೇ. ಇವರಿಂದ ಯಾರಿಗೂ ಹಾನಿಯಿಲ್ಲ. ನಾಟಕದ ವಿಷ್ಕಂಭಕಪ್ರವೇಶಕಗಳಂತೆ ಇವರು ಕಥೆಯನ್ನು ಜೋಡಿಸುವ ಸೇತುಗಳು. 'ಮಹಾನಟಿ'ಯಲ್ಲಿ ಈ ಸೇತುವೇ ಅಗತ್ಯಕ್ಕಿಂತ ಉದ್ದವಾಗಿ, ಆ ತರುಣರ ಪ್ರಣಯಕ್ಕೂ ಅವಕಾಶವನ್ನು ಬೇಡುತ್ತದೆಂಬುದು ಬೇರೆಯ ದೋಷ.

ತೊಡಕು ಹುಟ್ಟುವುದು ನಿಜವಾದ ವ್ಯಕ್ತಿಗಳ ಮೇಲೆ ಕಲ್ಪಿತವಾದ ಕಾರ್ಯವನ್ನು ಆರೋಪಿಸಿದಾಗ. 'ಬ್ಲಾಂಡ್' ಚಿತ್ರಕ್ಕೆ ಮೂಲವು ಜಾಯ್ಸ್ ಕ್ಯಾರಲ್ ಓಟ್ಸರು ೨೦೦೦ದಲ್ಲಿ ಪ್ರಕಟಿಸಿದ ಕಾದಂಬರಿ, ಅದು ಜೀವನಚರಿತ್ರೆಯಲ್ಲ. ಚಿತ್ರದಲ್ಲಿ ಕಾಣದ ತಂದೆಯ ಹೆಸರಿನಿಂದ ಮರ್ಲಿನ್ನರಿಗೆ ಪತ್ರಗಳು ಬರುತ್ತವೆ. ಕೊನೆಗೆ ಅವುಗಳನ್ನು ಬರೆದವನು ಚಾಪ್ಲಿನ್ನರ ಮಗ ಚಾರ್ಲ್ಸ್ ಚಾಪ್ಲಿನ್ ಕಿರಿಯನೆಂದು ಹೊರಬೀಳುತ್ತದೆ. ಕಲ್ಪಿತವಾದ ಈ ವಂಚನೆಯನ್ನು ನಿಜವಾಗಿ ಬದುಕಿದ್ದ, ೧೯೬೮ರಲ್ಲಿ ಮೃತನಾದ, ಉತ್ತರ ಹೇಳಲಾರದ ಒಬ್ಬನ ಮೇಲೆ ಹೊರಿಸಲಾಗಿದೆ. 'ಮಹಾನಟಿ'ಯಲ್ಲಿ ಮದ್ಯದ ಅಭ್ಯಾಸಕ್ಕೆ ಸಾವಿತ್ರಿಯವರ ಪತಿ ಜೆಮಿನಿ ಗಣೇಶನ್ನರೇ ಮೊದಲ ಕಾರಣವೆಂಬಂತೆ ತೋರಿಸಿರುವುದನ್ನು, ಗಣೇಶನ್ನರ ಇನ್ನೊಂದು ಸಂಸಾರದ ಮಗಳು ಬಹಿರಂಗವಾಗಿ ಆಕ್ಷೇಪಿಸಿದರು. ಸಾವಿತ್ರಿಯವರ ಮಗಳಾದರೋ ಚಿತ್ರವನ್ನು ಮೆಚ್ಚಿದರು. ಒಂದೇ ತಂದೆಯ ಇಬ್ಬರು ಮಕ್ಕಳಿಗೆ ಒಂದೇ ಚಿತ್ರವು ಎರಡು ಬಗೆಯಾಗಿ ಕಂಡಿತು. ಜೂಡಿ ಗಾರ್ಲೆಂಡರ ಮಗಳು ಲೈಜಾ ಮಿನೆಲ್ಲಿಯವರು 'ಜೂಡಿ'ಗೆ ತಮ್ಮ ಅನುಮೋದನೆಯಿಲ್ಲವೆಂದು ಚಿತ್ರವು ತೆರೆಗೆ ಬರುವ ಮೊದಲೇ ಸಾರಿದರು.

ಕಾಳಿದಾಸನಿಗೆ ಒಪ್ಪಿದ ಅಧಿಕಾರವು ಇವರಿಗೆ ಏಕೆ ಒಪ್ಪಬಾರದೆಂದು ಕೇಳಬಹುದು. ಭೇದವು ಎರಡು ಬಗೆಯದು. ಪ್ರೇಕ್ಷಕರಿಗೆ ಮಹಾಭಾರತದ ಕಥೆಯು ಗೊತ್ತಿತ್ತು. ಶಾಪವು ಕವಿಯ ನಿರ್ಮಾಣವೆಂಬುದನ್ನು ಅವರು ಅರಿತು ಮೆಚ್ಚುತ್ತಿದ್ದರು. ನಟಚರಿತ್ರೆಯ ಚಿತ್ರವನ್ನು ನೋಡುವವರಿಗೆ ತೆರೆಯ ಮೇಲಣ ಸಾವಿತ್ರಿಯವರು ಗೊತ್ತು, ಮನೆಯೊಳಗಣ ಸಾವಿತ್ರಿಯವರು ಗೊತ್ತಿಲ್ಲ. ಗೊತ್ತಿರುವ ಅಂಶದಲ್ಲಿ ಚಿತ್ರವು ಸೀರೆಯ ಅಂಚಿನವರೆಗೂ ಯಥಾವತ್ತಾಗಿ ಹೋಲುತ್ತದೆ. ಆ ಹೋಲಿಕೆಯಿಂದ ಹುಟ್ಟಿದ ವಿಶ್ವಾಸವು ಗೊತ್ತಿಲ್ಲದ ಅಂಶಕ್ಕೂ ಹರಡುತ್ತದೆ. ಸೀರೆಯು ನಿಜವಾದುದರಿಂದ ಜಗಳವೂ ನಿಜವೆಂದು ತೋರುತ್ತದೆ. ನೇಪಥ್ಯವು ಇಲ್ಲಿ ಅಲಂಕಾರವಾಗಿರದೆ ಸಾಕ್ಷಿಯಾಗಿ ನಿಲ್ಲುತ್ತದೆ, ತಾನು ಕಾಣದುದಕ್ಕೂ ಸಾಕ್ಷಿ ಹೇಳುತ್ತದೆ. 'ಮೈ ವೀಕ್ ವಿತ್ ಮರ್ಲಿನ್' ಚಿತ್ರದಲ್ಲಿಯೂ ಹೀಗೆಯೇ. ಒಲಿವಿಯರರ ಬಳಿ ಸಹಾಯಕನಾಗಿದ್ದ ಕಾಲಿನ್ ಕ್ಲಾರ್ಕರು ೧೯೯೫ರಲ್ಲಿ ಪ್ರಕಟಿಸಿದ ದಿನಚರಿಯಲ್ಲಿ ಆ ಒಂದು ವಾರದ ಪ್ರಣಯವಿರಲಿಲ್ಲ. ೨೦೦೦ದ ಎರಡನೆಯ ಪುಸ್ತಕದಲ್ಲಿ ಮಾತ್ರ ಅದು ಕಾಣಿಸಿಕೊಂಡಿತು. ಸ್ಟುಡಿಯೋ ಅದೇ ಆಗಿರುವುದರಿಂದ ವೃತ್ತಾಂತವೂ ಅದೇ ಎಂದು ನಂಬಿಸುವುದು ಸ್ಥಳನೇಪಥ್ಯದ ಮಹಿಮೆ.

ಎರಡನೆಯ ಭೇದವಾವುದೆಂದರೆ, ಪ್ರಾಚೀನರ ಮಾರ್ಪಾಟು ಬಹುಮಟ್ಟಿಗೆ ದೋಷವನ್ನು ಕಳೆಯುವಂತಹುದು. ಶಾಪವು ದುಷ್ಯಂತನ ದೋಷವನ್ನು ಕಳೆಯಿತು, ಆದರೆ ಅದಕ್ಕಾಗಿ ಹೊಸದಾಗಿ ಇನ್ನೊಬ್ಬನನ್ನು ನೀಚನನ್ನಾಗಿ ಮಾಡಲಿಲ್ಲ. ದೂರ್ವಾಸರ ಕೋಪವು ಲೋಕಪ್ರಸಿದ್ಧವೇ ಆಗಿದ್ದಿತು. ಈಗಿನವರಲ್ಲಿ ಒಬ್ಬರ ಕರುಣಕ್ಕಾಗಿ ಇನ್ನೊಬ್ಬರಿಗೆ ದೋಷವನ್ನು ತುಂಬುವ ಪ್ರವೃತ್ತಿಯು ಹೆಚ್ಚು.

೭

ಹಾಗಾದರೆ ದೋಷವನ್ನು ಕಳೆಯುವುದೇ ಗುಣವೆಂದು ನಿಯಮಿಸಿದರೆ ಸಾಕೇ ಎಂದರೆ, ಸಾಲದು. ೨೦೧೯ರ ಜನವರಿಯಲ್ಲಿ 'ಕಥಾನಾಯಕುಡು', ಫೆಬ್ರವರಿಯಲ್ಲಿ 'ಮಹಾನಾಯಕುಡು' ಎಂದು ತೆರೆಗೆ ಬಂದ 'ಎನ್.ಟಿ.ಆರ್.' ಚಿತ್ರಗಳನ್ನು ಕೃಷ್‌ರವರು ನಿರ್ದೇಶಿಸಿದರು. ನಿರ್ಮಾಪಕರಲ್ಲಿಯೂ ನಾಯಕರಲ್ಲಿಯೂ ಮಗ ಬಾಲಕೃಷ್ಣರೇ ಇದ್ದರು. ಅಲ್ಲಿ ತಾರಕರಾಮರಾಯರಿಗೆ ದೋಷವೇ ಇಲ್ಲ. ೧೯೮೪ರಲ್ಲಿ ಅಧಿಕಾರವನ್ನು ಕಳೆದುಕೊಂಡು ಮರಳಿ ಪಡೆದ ವಿಜಯವಿದೆ. ೧೯೯೫ರಲ್ಲಿ ಸ್ವಂತ ಬಂಧುಗಳಿಂದಲೇ ಅಧಿಕಾರವನ್ನು ಕಳೆದುಕೊಂಡ ದುಃಖವಿಲ್ಲ. ಆ ಉತ್ತರಾರ್ಧವನ್ನು ವಿರುದ್ಧವಾದ ದೃಷ್ಟಿಯಿಂದ ಹೇಳುವ 'ಲಕ್ಷ್ಮೀಸ್ ಎನ್.ಟಿ.ಆರ್.' ಎಂಬ ರಾಮಗೋಪಾಲವರ್ಮರ ಚಿತ್ರವು ಅದೇ ಮಾರ್ಚಿನಲ್ಲಿ ಬಂದಿತು. ಮೂರು ತಿಂಗಳೊಳಗೆ ಒಬ್ಬನೇ ನಟನಿಗೆ ಒಂದು ಸ್ತುತಿಯೂ ಒಂದು ನಿಂದೆಯೂ ಸಿದ್ಧವಾದವು. ಕರುಣವು ಮಾತ್ರ ಇವೆರಡರ ನಡುವೆ ಅನಾಥವಾಗಿ ಉಳಿಯಿತು. ಭರತಖಂಡದಲ್ಲಿ ರಾಮಕೃಷ್ಣರ ವೇಷದಿಂದ ಪೂಜೆಗೊಂಡು, ಅದೇ ಬಲದಿಂದ ರಾಜ್ಯವನ್ನು ಗೆದ್ದು, ತನ್ನವರಿಂದಲೇ ಪದಚ್ಯುತನಾದ ನಟನ ಕಥೆಗಿಂತ ಉದಾತ್ತವಾದ ಕರುಣವಸ್ತುವು ಚಲಚ್ಚಿತ್ರಕ್ಕೆ ಸುಲಭವಾಗಿ ದೊರೆಯದು.

ಆಶ್ರಯದಾತನನ್ನು ಕೊಂಡಾಡುವ ಕಾವ್ಯಕ್ಕೆ ರಸವು ಒಲಿಯದೆಂದು ಇದರಿಂದ ಊಹಿಸಬಾರದು. ಕ್ರಿ.ಶ. ೯೪೧ರಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ತಗುಳ್ಚಿ 'ವಿಕ್ರಮಾರ್ಜುನವಿಜಯ'ವನ್ನು ರಚಿಸಿದನು. ಆ ತಗುಳ್ಚುವಿಕೆಗಾಗಿ ದ್ರೌಪದಿಯು ಅರ್ಜುನನೊಬ್ಬನಿಗೇ ಪತ್ನಿಯಾಗಬೇಕಾಯಿತು. ಕಡೆಯಲ್ಲಿ ಪಟ್ಟವೂ ಅರ್ಜುನನಿಗೇ ಸಲ್ಲಬೇಕಾಯಿತು. ಆದರೂ ಪಂಪನು ಪ್ರತಿನಾಯಕಪಕ್ಷದ ಕರ್ಣನಿಗೆ ಸಲ್ಲಬೇಕಾದ ಹಿರಿಮೆಯನ್ನು ಹಿಂತೆಗೆಯಲಿಲ್ಲ. ಒಡೆಯನನ್ನು ಹೊಗಳಿದ ಕಾವ್ಯದಲ್ಲಿ ಒಡೆಯನ ಶತ್ರುವಿಗೆ ಸಂದ ನ್ಯಾಯವೇ ಆ ಕಾವ್ಯವನ್ನು ಸಾವಿರ ವರ್ಷ ಬಾಳಿಸಿದೆ. 'ಎನ್.ಟಿ.ಆರ್.' ಚಿತ್ರಗಳ ಎದುರಾಳಿಗಳಲ್ಲಿ ಕರ್ಣನಿಲ್ಲ. 'ಮಹಾನಟಿ'ಯ ಗಣೇಶನ್ನರಲ್ಲಿ ದುಲ್ಕರ್ ಸಲ್ಮಾನರ ಅಭಿನಯದಿಂದಾಗಿ ಅವನ ಛಾಯೆಯು ಅಲ್ಲಲ್ಲಿ ಸುಳಿಯುತ್ತದೆ. ಹೆಂಡತಿಯ ಕೀರ್ತಿಯ ಮುಂದೆ ತಾನು ಸಣ್ಣವನಾಗುತ್ತಿರುವುದನ್ನು ಅರಿತ ಪತಿಯ ಲಜ್ಜೆಯು ಅಲ್ಲಿ ಮಾತಿಲ್ಲದೆ ವ್ಯಕ್ತವಾಗಿದೆ. ದೋಷವನ್ನು ಹೊರಿಸಿದ ಕೈಯೇ ಆ ದೋಷದ ಮೂಲವನ್ನೂ ತೋರಿಸಿರುವುದರಿಂದ ಚಿತ್ರವು ನಿಂದೆಯ ಮಟ್ಟಕ್ಕೆ ಇಳಿಯಲಿಲ್ಲ.

ಈ ವಿಚಾರಗಳಿಂದ ನಟಚರಿತ್ರೆಯ ಚಿತ್ರವನ್ನು ಪರೀಕ್ಷಿಸತಕ್ಕ ಕ್ರಮವು ಹೀಗೆ ನಿಷ್ಪನ್ನವಾಗುತ್ತದೆ. ತೆರೆಯ ಮೇಲೆ ಎಲ್ಲರೂ ಕಂಡುದನ್ನು ಎಷ್ಟು ಚೆನ್ನಾಗಿ ಹೋಲಿಸಿದೆ ಎಂಬುದನ್ನು ನೋಡಿ ವಿಸ್ಮಯಪಡಬಹುದು, ಆದರೆ ಅದಕ್ಕೆ ರಸದ ಬೆಲೆಯನ್ನು ಕೊಡಬಾರದು. ಯಾರೂ ಕಾಣದುದನ್ನು ಯಾವ ಔಚಿತ್ಯದಿಂದ ಕಲ್ಪಿಸಿದೆ ಎಂಬುದೇ ಮುಖ್ಯವಾದ ಪರೀಕ್ಷೆ. ಆ ಕಲ್ಪನೆಯು ನಾಯಕನ ಕೀರ್ತಿಗಾಗಿ ಇನ್ನೊಬ್ಬರನ್ನು ಬಲಿಕೊಟ್ಟರೆ ನಿಂದೆಯಾಗುತ್ತದೆ. ನಾಯಕನ ದುಃಖವನ್ನೇ ಬಲಿಕೊಟ್ಟರೆ ಸ್ತುತಿಯಾಗುತ್ತದೆ. ಎರಡನ್ನೂ ಉಳಿಸಿಕೊಂಡರೆ ಕಾವ್ಯವಾಗುತ್ತದೆ. ಉಪಾಧ್ಯಾಯರು ರಸಪ್ರಕರಣವನ್ನು ಬೋಧಿಸುವಾಗ ಶಂಕುಕ ಭಟ್ಟತೌತರ ವಾದವನ್ನು ಗತಕಾಲದ ಶುಷ್ಕತರ್ಕವೆಂದು ದಾಟಿಸಿಬಿಡುವುದುಂಟು. ಮಾಯಾಶಶಿರೇಖೆಯ ಮೂಲದ ಹಾಡನ್ನೂ 'ಮಹಾನಟಿ'ಯಲ್ಲಿ ಅದನ್ನು ಮರಳಿ ಕಟ್ಟಿದ ಸನ್ನಿವೇಶವನ್ನೂ ಒಂದರ ಬಳಿಕ ಒಂದನ್ನು ತೋರಿಸಿ, ಎಲ್ಲಿ ನಗು ಬಂದಿತು, ಎಲ್ಲಿ ಬೆರಗು ಹುಟ್ಟಿತು, ಎಲ್ಲಿ ಕಣ್ಣು ತುಂಬಿತು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ, ಆ ತರ್ಕವು ಇಂದಿಗೂ ಸಜೀವವಾಗಿರುವುದು ಅವರಿಗೆ ತಾನಾಗಿಯೇ ಮನವರಿಕೆಯಾಗುವುದು.